ಪ್ಲಗ್ಡ್ ಇನ್, ನಾಟ್ ಚಾರ್ಜಿಂಗ್: ಹೊಸ ಬ್ಯಾಟರಿ ತರೋ ಮುಂಚೆ ಇಷ್ಟು ನೋಡ್ಕೊಳಿ

ಎರಡು ವರ್ಷದ ಹಿಂದೆ ನನ್ನ ಲ್ಯಾಪ್‌ಟಾಪ್ ಚಾರ್ಜ್ ಆಗೋದು ನಿಂತೋಯ್ತು. ಅಡಾಪ್ಟರ್ ಚುಚ್ಚಿದ್ರೆ ಆರಾಮಾಗಿ ಓಡತ್ತೆ, ಕೆಳಗಡೆ ಬ್ಯಾಟರಿ ಚಿತ್ರದ ಮೇಲೆ ಮೌಸ್ ಇಟ್ರೆ ‘ಪ್ಲಗ್ಡ್ ಇನ್, ನಾಟ್ ಚಾರ್ಜಿಂಗ್’ ಅಂತ ಬರತ್ತೆ, ಪರ್ಸೆಂಟೇಜ್ ಮಾತ್ರ 23ರಲ್ಲಿ ಕೂತಿದ್ದು ಏಳಲೇ ಇಲ್ಲ. ಬ್ಯಾಟರಿ ಹೋಯ್ತು ಅಂತ ನಾನೇ ತೀರ್ಪು ಕೊಟ್ಕೊಂಡು ಅಂಗಡಿಗೆ ಹೋದೆ, ಅವ್ರೂ ಹೌದು ಸಾರ್ ಬ್ಯಾಟರಿನೇ ಅಂದ್ರು, 3,200 ರೂಪಾಯಿ ಕೊಟ್ಟು ಹೊಸದು ಹಾಕಿಸ್ಕೊಂಡು ಮನೆಗೆ ಬಂದು ಚುಚ್ಚಿದ್ರೆ ಮತ್ತದೇ ಮೆಸೇಜು. ಆಮೇಲೆ ಗೊತ್ತಾಗಿದ್ದು ಏನಂದ್ರೆ ಹಳೇ ಬ್ಯಾಟರಿ ಚೆನ್ನಾಗೇ ಇತ್ತು, ನನ್ನ ಕುರ್ಚಿ ಚಕ್ರ ದಿನಾ ಅಡಾಪ್ಟರ್ ವೈರ್ ಮೇಲೆ ಹತ್ತಿ ಹತ್ತಿ ಒಳಗಿನ ಒಂದೇ ಒಂದು ಸಣ್ಣ ತಂತಿ ಕಟ್ಟಾಗಿತ್ತು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ದಂಗಾಯ್ತು. ಅದಾದ್ಮೇಲೆ ಮನೇಲಿ, ಆಫೀಸಲ್ಲಿ, ನೆಂಟರಲ್ಲಿ ಯಾರ ಲ್ಯಾಪ್‌ಟಾಪ್ ಚಾರ್ಜ್ ಆಗ್ಲಿಲ್ಲ ಅಂದ್ರೂ ನಾನು ಒಂದೇ ಕ್ರಮದಲ್ಲಿ ನೋಡ್ತೀನಿ, ದುಡ್ಡು ಖರ್ಚಾಗ್ದೇ ಇರೋದು ಮೊದ್ಲು, ಬ್ಯಾಟರಿ ಕೊನೇಗೆ.

ಶುರು ಮಾಡೋ ಮುಂಚೆ ಒಂದು ವಿಷಯ ತಲೇಲಿ ಇಟ್ಕೊಳಿ. ಬ್ಯಾಟರಿಗೆ ಚಾರ್ಜ್ ಬಿಡಬೇಕಾ ಬೇಡ್ವಾ ಅಂತ ತೀರ್ಮಾನ ಮಾಡೋದು ವಿಂಡೋಸ್ ಅಲ್ಲ. ಮದರ್‌ಬೋರ್ಡ್ ಮೇಲೆ ಎಂಬೆಡೆಡ್ ಕಂಟ್ರೋಲರ್ ಅಂತ ಒಂದು ಸಣ್ಣ ಚಿಪ್ ಇರತ್ತೆ, ಅದು ಈ ಕಡೆ ಅಡಾಪ್ಟರ್ ಎಷ್ಟು ವ್ಯಾಟಿನದು ಅಂತ ವಿಚಾರಿಸ್ಕೊಳತ್ತೆ, ಆ ಕಡೆ ಬ್ಯಾಟರಿ ಒಳಗಿರೋ ಸರ್ಕ್ಯೂಟನ್ನ ನಿನ್ನ ವೋಲ್ಟೇಜ್ ಎಷ್ಟು, ಬಿಸಿ ಎಷ್ಟು ಅಂತ ಕೇಳತ್ತೆ, ಎರಡೂ ಕಡೆಯಿಂದ ಸರಿಯಾದ ಉತ್ತರ ಬಂದ್ರೆ ಮಾತ್ರ ಚಾರ್ಜಿಂಗ್ ಸರ್ಕ್ಯೂಟಿಗೆ ಹೂಂ ಅನ್ನತ್ತೆ. ಲ್ಯಾಪ್‌ಟಾಪ್ ಆಫ್ ಇದ್ದಾಗ್ಲೂ ಚಾರ್ಜ್ ಆಗೋದು ಇದೇ ಕಾರಣಕ್ಕೆ. ಹಂಗಾಗಿ ಮೊದಲನೇ ಪರೀಕ್ಷೆ ಬಿಟ್ಟಿಯದ್ದು: ಈಗ ಎಷ್ಟು ಪರ್ಸೆಂಟ್ ಇದೆ ಅಂತ ಬರ್ಕೊಂಡು, ಪೂರ್ತಿ ಶಟ್‌ಡೌನ್ ಮಾಡಿ, ಒಂದು ಗಂಟೆ ಚಾರ್ಜಿಗೆ ಹಾಕಿ ಬಿಟ್ಬಿಡಿ. ಆನ್ ಮಾಡ್ದಾಗ ಪರ್ಸೆಂಟೇಜ್ ಏರಿದ್ರೆ ಅಡಾಪ್ಟರ್, ಬ್ಯಾಟರಿ, ಬೋರ್ಡ್ ಮೂರೂ ಕೆಲಸ ಮಾಡ್ತಿವೆ, ತೊಂದ್ರೆ ಇರೋದು ಯಾವ್ದೋ ಸೆಟ್ಟಿಂಗಲ್ಲಿ ಅಥ್ವಾ ಅಡಾಪ್ಟರ್ ಶಕ್ತಿ ಸಾಲ್ದೇ ಇರೋದ್ರಲ್ಲಿ. ಒಂದು ಪಾಯಿಂಟೂ ಏರ್ಲಿಲ್ಲ ಅಂದ್ರೆ ವಿಂಡೋಸ್ ಫಾರ್ಮ್ಯಾಟ್ ಮಾಡ್ಸಿ ಉಪಯೋಗ ಇಲ್ಲ, ಯಾರಾದ್ರೂ ಇದಕ್ಕೆ ಓ.ಎಸ್. ಹೊಸ್ದಾಗಿ ಹಾಕ್ಬೇಕು, 500 ಆಗತ್ತೆ ಅಂದ್ರೆ ನಮಸ್ಕಾರ ಹೇಳಿ ಎದ್ದು ಬನ್ನಿ.

ಪರ್ಸೆಂಟೇಜ್ ಎಷ್ಟರಲ್ಲಿ ನಿಂತಿದೆ ಅನ್ನೋದು ಬಹಳ ದೊಡ್ಡ ಸುಳಿವು. ಹೋದ ವರ್ಷ ಅಕ್ಕನ ಮಗ ದಾವಣಗೆರೆ ಹಾಸ್ಟೆಲಿಂದ ಫೋನ್ ಮಾಡಿ ‘ಮಾಮ, ಲ್ಯಾಪ್‌ಟಾಪ್ 60ಕ್ಕೇ ನಿಂತ್ಬಿಟ್ಟಿದೆ, ಇಲ್ಲಿ ಅಂಗಡಿಲಿ ಬ್ಯಾಟರಿ ಚೇಂಜ್ ಮಾಡ್ಬೇಕು ಅಂತಿದಾರೆ, ಅಮ್ಮಂಗೆ ನೀನೇ ಹೇಳು’ ಅಂದ. ಕೆಟ್ಟೋಗಿರೋ ಬ್ಯಾಟರಿ ಪಾಪ 60 ಅನ್ನೋ ರೌಂಡ್ ನಂಬರ್ ನೋಡ್ಕೊಂಡು ನಿಲ್ಲಲ್ಲ ಕಣೋ ಅಂದೆ. ಲೆನೊವೊದಲ್ಲಿ ವ್ಯಾಂಟೇಜ್ ಅಂತ ಒಂದು ಆ್ಯಪ್ ಇರತ್ತೆ, ಅದ್ರಲ್ಲಿ ಕನ್ಸರ್ವೇಶನ್ ಮೋಡ್ ಆನ್ ಆಗಿದ್ರೆ ಮಾಡೆಲ್ ಮೇಲೆ 60ರ ಹತ್ರಾನೋ 80ರ ಹತ್ರಾನೋ ನಿಲ್ಸತ್ತೆ. ಏಸಸ್‌ನಲ್ಲಿ ಮೈಏಸಸ್ ಆ್ಯಪಲ್ಲಿ ಮಾಡೆಲ್ ಮೇಲೆ 60, 80, 100 ಅಂತ ಆರಿಸ್ಕೊಳೋದಿರತ್ತೆ. ಡೆಲ್ ಮತ್ತೆ ಎಚ್‌ಪಿಯ ಎಷ್ಟೋ ಮಾಡೆಲ್‌ಗಳಲ್ಲಿ ಇದು ಬಯಾಸ್ (ವಿಂಡೋಸ್ ಶುರುವಾಗೋ ಮುಂಚೆ ತೆಗೆಯೋ ಸೆಟ್ಟಿಂಗ್ ಪುಟ) ಒಳಗೇ ಇರತ್ತೆ, ಬ್ಯಾಟರಿ ಚಾರ್ಜ್ ಕಾನ್ಫಿಗರೇಶನ್ ಅಂತಾನೋ ಬ್ಯಾಟರಿ ಹೆಲ್ತ್ ಅಂತಾನೋ ಹುಡುಕಿ. ಆ್ಯಪಲ್ ಮ್ಯಾಕ್‌ಬುಕ್ ಕೂಡ ಆಪ್ಟಿಮೈಸ್ಡ್ ಚಾರ್ಜಿಂಗ್ ಅಂತ 80ರಲ್ಲಿ ತಡೆದು ನಿಲ್ಸೋದಿದೆ. ಇದ್ಯಾವ್ದೂ ಕೆಟ್ಟದ್ದಲ್ಲ, ಇಡೀ ದಿನ ಚಾರ್ಜಿಗೇ ಹಾಕ್ಕೊಂಡು ಕೂರೋರಿಗೆ ಬ್ಯಾಟರಿ ಆಯಸ್ಸು ಜಾಸ್ತಿ ಆಗ್ಲಿ ಅಂತ ಕೊಟ್ಟಿರೋ ಸೌಕರ್ಯ. ಯಾವಾಗ್ಲೋ ಅಪ್‌ಡೇಟ್ ಆದಾಗ ಆ್ಯಪ್ ಕೇಳಿದ್ದಕ್ಕೆಲ್ಲ ಓಕೆ ಓಕೆ ಒತ್ತಿರ್ತೀವಿ, ಮರ್ತಿರ್ತೀವಿ. ನಮ್ಮ ಹುಡುಗಂದೂ ಅದೇ ಆಗಿತ್ತು, ಒಂದು ಬಟನ್ ಆಚೆ ತಳ್ಳಿದ, ಮುಗೀತು. ಹಂಗೇ 96, 97ರಲ್ಲಿ ನಿಂತಿದ್ರೂ ತಲೆ ಕೆಡಿಸ್ಕೋಬೇಡಿ, ಎಷ್ಟೋ ಲ್ಯಾಪ್‌ಟಾಪ್‌ಗಳು 95ರ ಕೆಳಗೆ ಇಳಿಯೋ ತನಕ ಮತ್ತೆ ಚಾರ್ಜಿಂಗ್ ಶುರು ಮಾಡೋದೇ ಇಲ್ಲ.

23, 41, 7 ಈ ಥರ ಸೊಟ್ಟ ನಂಬರಲ್ಲಿ ನಿಂತಿದ್ರೆ ಮುಂದೆ ಓದಿ.

ಗೋಡೆ ಸಾಕೆಟ್ ಬಗ್ಗೆ ಜಾಸ್ತಿ ಹೇಳಲ್ಲ, ಅದೇ ಸಾಕೆಟ್ಟಿಗೆ ಮೊಬೈಲ್ ಚಾರ್ಜರ್ ಹಾಕಿ ನೋಡಿ, ಎಕ್ಸ್‌ಟೆನ್ಷನ್ ಬೋರ್ಡ್ ಬಿಟ್ಟು ನೇರ ಗೋಡೆಗೆ ಚುಚ್ಚಿ. ಅಡಾಪ್ಟರ್ ಡಬ್ಬಿಗೂ ಗೋಡೆಗೂ ನಡುವೆ ಇರೋ ದಪ್ಪ ಕೇಬಲ್ ಇದ್ಯಲ್ಲ, ಅದು ಬಿಚ್ಕೊಳತ್ತೆ, ಡಬ್ಬಿ ಕಡೆ ಲೂಸ್ ಆಗಿರೋದು ಮಾಮೂಲಿ, ಗಟ್ಟಿಯಾಗಿ ಒತ್ತಿ.

ಈಗ ಅಡಾಪ್ಟರ್. ಅದ್ರಲ್ಲಿ ಲೈಟ್ ಇದ್ರೆ ಪುಣ್ಯ, ಅರ್ಧ ಕೆಲಸ ಅದೇ ಹೇಳಿಬಿಡತ್ತೆ. ಲ್ಯಾಪ್‌ಟಾಪ್‌ಗೆ ಚುಚ್ದೇ ಬರೀ ಗೋಡೆಗೆ ಹಾಕಿ. ಲೈಟ್ ಬರ್ಲೇ ಇಲ್ವಾ, ಅಡಾಪ್ಟರ್ ಅಥ್ವಾ ಆ ದಪ್ಪ ಕೇಬಲ್ ಸತ್ತಿದೆ. ಪಿಳಿಪಿಳಿ ಅಂತ ಹತ್ತಿ ಆರ್ತಿದ್ಯಾ, ಅಡಾಪ್ಟರ್ ಒಳಗೆ ತೊಂದ್ರೆ ಇದೆ, ಇಲ್ಲಾ ಅದ್ರ ಸಣ್ಣ ವೈರಲ್ಲಿ ಶಾರ್ಟ್ ಇದೆ. ಸುಮ್ನಿದ್ದಾಗ ಸರಿಯಾಗಿ ಉರ್ದು, ಲ್ಯಾಪ್‌ಟಾಪ್‌ಗೆ ಪಿನ್ ಚುಚ್ಚಿದ ತಕ್ಷಣ ಆರೋಗತ್ತಾ, ಆಗ ಅನುಮಾನ ಲ್ಯಾಪ್‌ಟಾಪ್ ಮೇಲೆ, ಪಿನ್ ಚುಚ್ಚೋ ಜಾಕ್‌ನಲ್ಲೋ ಬೋರ್ಡಲ್ಲೋ ಶಾರ್ಟ್ ಆಗಿದೆ, ಅಡಾಪ್ಟರ್ ತನ್ನ ಜೀವ ಉಳಿಸ್ಕೊಳೋಕೆ ಬಂದಾಗ್ತಿದೆ. ಈ ಮೂರನೇ ಕೇಸಲ್ಲಿ ಮತ್ತೆ ಮತ್ತೆ ಚುಚ್ಚಿ ನೋಡ್ಬೇಡಿ, ಸರ್ವಿಸಿಗೆ ತಗೊಂಡೋಗಿ.

ಮಲ್ಟಿಮೀಟರ್ ಇದ್ರೆ ಡಿ.ಸಿ. ವೋಲ್ಟೇಜಿಗೆ ಇಟ್ಟು ಅಳೀರಿ. ಅಡಾಪ್ಟರ್ ಬೆನ್ನ ಮೇಲೆ ಔಟ್‌ಪುಟ್ ಅಂತ ಬರ್ದಿರತ್ತೆ, 65 ವ್ಯಾಟಿನದು ಅಂದ್ರೆ 19.5 ವೋಲ್ಟ್ 3.34 ಆಂಪ್ ಅಥ್ವಾ 20 ವೋಲ್ಟ್ 3.25 ಆಂಪ್ ಹೀಗೆ, ಮೀಟರ್ ಅದರ ಆಸುಪಾಸು ತೋರಿಸ್ಬೇಕು. ದುಂಡು ಪಿನ್ನಲ್ಲಿ ಸಾಮಾನ್ಯವಾಗಿ ಒಳಗಡೆ ಪ್ಲಸ್, ಹೊರಗಿನ ಲೋಹದ ಮೈ ಮೈನಸ್. ಮೀಟರಿನ ಎರಡು ಕಡ್ಡಿ ಒಂದಕ್ಕೊಂದು ತಾಗ್ದಂಗೆ ಹುಷಾರು. ಆದ್ರೆ ಮೀಟರ್ ಸರಿ ತೋರ್ಸಿದ ಮಾತ್ರಕ್ಕೆ ಅಡಾಪ್ಟರಿಗೆ ಕ್ಲೀನ್ ಚಿಟ್ ಕೊಡ್ಬೇಡಿ, ನಾನು ಏಮಾರಿದ್ದು ಇಲ್ಲೇ. ಲೋಡ್ ಇಲ್ದೇ ಇದ್ದಾಗ 19.5 ತೋರಿಸಿ, ಲ್ಯಾಪ್‌ಟಾಪ್ ಎಳ್ಕೊಳಕ್ಕೆ ಶುರು ಮಾಡಿದಾಗ ಕುಸಿಯೋ ಅಡಾಪ್ಟರ್‌ಗಳಿವೆ. ಅದಕ್ಕಿಂತ ಕಿತಾಪತಿ ಮೂರನೇ ತಂತಿದು.

ಡೆಲ್, ಎಚ್‌ಪಿ ಥರದ ಎಷ್ಟೋ ದುಂಡು ಪಿನ್ ಒಳಗೆ ಇಣುಕಿ ನೋಡಿ, ನಟ್ಟನಡುವೆ ಸೂಜಿ ಥರ ಒಂದು ತೆಳು ಕಡ್ಡಿ ಇರತ್ತೆ. ಅದು ಕರೆಂಟ್ ತರೋದಲ್ಲ, ಗುರುತು ಹೇಳೋದು. ನಾನು ಇಷ್ಟು ವ್ಯಾಟಿನ ಅಡಾಪ್ಟರ್ ಅಂತ ಲ್ಯಾಪ್‌ಟಾಪ್‌ಗೆ ತಿಳ್ಸೋದು ಅದೊಂದೇ ದಾರಿ. ಪವರ್ ಬರೋದು ಬೇರೆ ಎರಡು ತಂತಿಲಿ. ಈ ಗುರುತಿನ ತಂತಿ ಕಟ್ಟಾದ್ರೆ ಅಥ್ವಾ ಆ ಸೂಜಿ ಬಗ್ಗೋದ್ರೆ ಪವರ್ ಬರ್ತಾನೇ ಇರತ್ತೆ, ಲ್ಯಾಪ್‌ಟಾಪ್ ಓಡತ್ತೆ, ಆದ್ರೆ ಬಂದಿರೋ ಅಡಾಪ್ಟರ್ ಯಾರು ಅಂತ ಗೊತ್ತಾಗ್ದೇ ಇದ್ದಾಗ ಕಂಟ್ರೋಲರ್ ಬ್ಯಾಟರಿಗೆ ಚಾರ್ಜ್ ಬಿಡಲ್ಲ, ಜೊತೆಗೆ ಪ್ರೊಸೆಸರ್ ಸ್ಪೀಡನ್ನೂ ಇಳಿಸ್ಬಿಡಬಹುದು. ನಂದು ಆ ತಿಂಗಳೆಲ್ಲ ತೆವಳ್ತಿತ್ತು, ವೈರಸ್ ಇರ್ಬೇಕು ಅಂದ್ಕೊಂಡಿದ್ದೆ. ಇನ್ನೊಂದು ಮರ್ಯಾದೆಗೇಡಿ ವಿಷಯ ಹೇಳ್ಬಿಡ್ತೀನಿ, ಆನ್ ಮಾಡ್ದಾಗೆಲ್ಲ ಸ್ಕ್ರೀನ್ ಮೇಲೆ ಅಡಾಪ್ಟರ್ ವ್ಯಾಟೇಜ್ ಗೊತ್ತಾಗ್ತಿಲ್ಲ ಅಂತ ಇಂಗ್ಲಿಷಲ್ಲಿ ಎರಡು ಸಾಲು ಬರ್ತಿತ್ತು, ನಾನು ಓದ್ದೇನೇ ಎಂಟರ್ ಒತ್ತಿ ದಾಟಿಸ್ತಿದ್ದೆ. ಓದಿದ್ರೆ 3,200 ಉಳೀತಿತ್ತು. ಈ ದೋಷ ಮೀಟರಲ್ಲಿ ಸಿಕ್ಕಲ್ಲ, ಹಿಡಿಯೋಕೆ ಎರಡು ದಾರಿ: ಬಯಾಸ್ ಒಳಗೆ ಹೋಗಿ ಬ್ಯಾಟರಿ ಮಾಹಿತಿ ಪುಟದಲ್ಲಿ ಎ.ಸಿ. ಅಡಾಪ್ಟರ್ ಮುಂದೆ 65 ವ್ಯಾಟ್ ಅಂತ ಇದ್ಯಾ ಅಥ್ವಾ ಅನ್‌ನೋನ್ (ಗೊತ್ತಿಲ್ಲ), ನನ್ (ಯಾವ್ದೂ ಇಲ್ಲ) ಅಂತ ಇದ್ಯಾ ನೋಡೋದು, ಇಲ್ಲಾ ಅದೇ ಕಂಪನಿ ಅದೇ ವ್ಯಾಟಿನ ಬೇರೆಯವ್ರ ಅಡಾಪ್ಟರ್ ಅರ್ಧ ಗಂಟೆ ಇಸ್ಕೊಂಡು ಹಾಕಿ ನೋಡೋದು. ಎರಡನೇದೇ ಎಲ್ಲಕ್ಕಿಂತ ಭರವಸೆಯ ಪರೀಕ್ಷೆ, ಆಫೀಸಲ್ಲಿ ಯಾರನ್ನಾದ್ರೂ ಕೇಳಿ, ಕೊಡ್ತಾರೆ. ಬೀದಿಬದಿ 400 ರೂಪಾಯಿ ಡೂಪ್ಲಿಕೇಟ್ ಅಡಾಪ್ಟರ್ ಹಾಕಿದ್ಮೇಲೆ ಚಾರ್ಜ್ ನಿಂತಿದ್ರೂ ಇದೇ ಕಾರಣ ಇರ್ಬಹುದು, ಅದ್ರಲ್ಲಿ ಗುರುತು ಹೇಳೋ ಚಿಪ್ಪೇ ಇರಲ್ಲ.

ಟೈಪ್ ಸಿ ಲ್ಯಾಪ್‌ಟಾಪ್ ಇಟ್ಕೊಂಡಿರೋರಿಗೆ ಸೂಜಿ ಕಾಟ ಇಲ್ಲ, ಬೇರೆ ಕಾಟ ಇದೆ. ಮೊಬೈಲಿನ 80 ವ್ಯಾಟ್ ಫಾಸ್ಟ್ ಚಾರ್ಜರ್ ಇದ್ಯಲ್ಲ, ಲ್ಯಾಪ್‌ಟಾಪ್‌ಗೆ ಯಾಕೆ ಆಗ್ತಿಲ್ಲ ಅಂತ ಬಹಳ ಜನ ಕೇಳ್ತಾರೆ. ಆ 80 ಅನ್ನೋದು ಎಷ್ಟೋ ಸಲ ಆ ಮೊಬೈಲ್ ಕಂಪನಿಯ ಸ್ವಂತ ಲೆಕ್ಕ, ಅದ್ರದ್ದೇ ಫೋನಿಗೆ ಅದ್ರದ್ದೇ ಕೇಬಲಲ್ಲಿ ಮಾತ್ರ ನಡೆಯೋದು. ಲ್ಯಾಪ್‌ಟಾಪ್ ಕೇಳೋದು ಪವರ್ ಡೆಲಿವರಿ ಅಂದ್ರೆ ಪಿ.ಡಿ. ಭಾಷೆ, ಮಾಮೂಲಿಯಾಗಿ 20 ವೋಲ್ಟ್ ಕೇಳತ್ತೆ. ಚಾರ್ಜರ್ ಮೇಲೆ ಸಣ್ಣ ಅಕ್ಷರದಲ್ಲಿ 5, 9, 15, 20 ವೋಲ್ಟ್ ಅಂತ ಸಾಲಾಗಿ ಬರ್ದಿರತ್ತೆ, ಅದ್ರಲ್ಲಿ 20 ಇಲ್ಲ ಅಂದ್ರೆ ಎಷ್ಟೋ ಲ್ಯಾಪ್‌ಟಾಪ್ ಅದನ್ನ ಮೂಸಿನೂ ನೋಡಲ್ಲ. ಕೇಬಲ್ಲೂ ಮುಖ್ಯ, ಸಾಮಾನ್ಯ ಟೈಪ್ ಸಿ ಕೇಬಲ್ 3 ಆಂಪಿನದು, 20 ವೋಲ್ಟಲ್ಲಿ 60 ವ್ಯಾಟಿಗೆ ಮುಗೀತು, ಅದಕ್ಕಿಂತ ಜಾಸ್ತಿ ಬೇಕಂದ್ರೆ ಒಳಗೆ ಗುರುತಿನ ಚಿಪ್ ಇರೋ 5 ಆಂಪ್ ಕೇಬಲ್ಲೇ ಬೇಕು. ಗೇಮಿಂಗ್ ಲ್ಯಾಪ್‌ಟಾಪ್‌ಗೆ 65 ವ್ಯಾಟ್ ಹಾಕಿ ಆಟ ಆಡಿದ್ರೆ ಚಾರ್ಜಿಗೆ ಹಾಕಿದ್ರೂ ಬ್ಯಾಟರಿ ಇಳೀತಾನೇ ಹೋಗತ್ತೆ, ಅದು ದೋಷ ಅಲ್ಲ, ಬರೋದಕ್ಕಿಂತ ಖರ್ಚು ಜಾಸ್ತಿ ಅಷ್ಟೇ. ಮತ್ತೆ ಲ್ಯಾಪ್‌ಟಾಪಲ್ಲಿರೋ ಎಲ್ಲಾ ಟೈಪ್ ಸಿ ತೂತಲ್ಲೂ ಚಾರ್ಜ್ ಆಗಲ್ಲ, ಪಕ್ಕದ್ರಲ್ಲೂ ಹಾಕಿ ನೋಡಿ.

ಜಾಕ್ ನೋಡೋಕೆ ಮೊಬೈಲ್ ಟಾರ್ಚ್ ಸಾಕು. ಪಿನ್ ಒಳಗಿದ್ದಾಗ ಮೆಲ್ಲಗೆ ಅಲ್ಲಾಡ್ಸಿ, ಚಾರ್ಜಿಂಗ್ ಲೈಟ್ ಬಂದು ಹೋಗಿ ಮಾಡಿದ್ರೆ ಲೂಸ್ ಕಾಂಟ್ಯಾಕ್ಟ್. ಕೆಲವ್ರು ಪುಸ್ತಕ ಒತ್ತಿಟ್ಟು, ರಬ್ಬರ್ ಬ್ಯಾಂಡ್ ಕಟ್ಟಿ ತಿಂಗಳುಗಟ್ಲೆ ಓಡಿಸ್ತಾರೆ, ದಯವಿಟ್ಟು ಬೇಡ, ಲೂಸ್ ಇರೋ ಜಾಗದಲ್ಲಿ ಕಿಡಿ ಹಾರಿ ಪ್ಲಾಸ್ಟಿಕ್ ಕರಗಿರೋದನ್ನ ನಾನೇ ನೋಡಿದೀನಿ. ಬಹಳ ಲ್ಯಾಪ್‌ಟಾಪಲ್ಲಿ ದುಂಡು ಜಾಕ್ ಒಂದು ತುಂಡು ವೈರಿನ ಜೊತೆ ಬಿಡಿಯಾಗಿ ಬರತ್ತೆ, ಬದಲಾಯಿಸೋದು ಸಣ್ಣ ಕೆಲಸ. ಬೋರ್ಡಿಗೇ ಬೆಸುಗೆ ಹಾಕಿದ್ರೆ ಮಾತ್ರ ಕೈಪಳಗಿದೋರೇ ಬೇಕು. ಟೈಪ್ ಸಿ ತೂತಲ್ಲಿ ಬ್ಯಾಗಿನ ಧೂಳು, ನೂಲು ಎಲ್ಲ ಸೇರ್ಕೊಂಡಿರತ್ತೆ, ಲ್ಯಾಪ್‌ಟಾಪ್ ಆಫ್ ಮಾಡಿ ಮರದ ಹಲ್ಲುಕಡ್ಡಿಲಿ ನಿಧಾನಕ್ಕೆ ತೆಗೀರಿ, ಪಿನ್ನು ಸೂಜಿ ಹಾಕ್ಬೇಡಿ.

ಬಿಸಿ ವಿಚಾರ ನಮ್ಮಲ್ಲಿ ಯಾರೂ ಲೆಕ್ಕಕ್ಕೇ ತಗೊಳಲ್ಲ. ಬ್ಯಾಟರಿ ಒಳಗಿರೋ ಲಿಥಿಯಂ ಅಯಾನ್ ಸೆಲ್ಲು ಸುಮಾರು 45 ಡಿಗ್ರಿ ದಾಟಿದ್ರೆ ಚಾರ್ಜ್ ತಗೊಳೋದು ಒಳ್ಳೇದಲ್ಲ, ಹಂಗಾಗಿ ಅದ್ರ ಸರ್ಕ್ಯೂಟು ಚಾರ್ಜಿಂಗ್ ನಿಲ್ಸತ್ತೆ ಅಥ್ವಾ ಕಮ್ಮಿ ಮಾಡತ್ತೆ. ರಾಯಚೂರು, ಕಲಬುರಗಿ ಕಡೆ ಮೇ ತಿಂಗಳಲ್ಲಿ ಹೊರಗೇ 40ರ ಮೇಲಿರತ್ತೆ, ಹಾಸಿಗೆ ಮೇಲೆ ದಿಂಬಿಟ್ಟು ಲ್ಯಾಪ್‌ಟಾಪ್ ಓಡಿಸಿದ್ರೆ ಒಳಗಡೆ ಕೇಳೋದೇ ಬೇಡ. ಮಧ್ಯಾಹ್ನ ಚಾರ್ಜ್ ಆಗಲ್ಲ ರಾತ್ರಿ ಆಗತ್ತೆ ಅನ್ನೋ ಕೇಸ್ ಇದ್ರೆ ಇದೇ. ಗಟ್ಟಿ ಮೇಜಿನ ಮೇಲೆ ಇಟ್ಟು, ಆಫ್ ಮಾಡಿ, ಫ್ಯಾನ್ ಕೆಳಗೆ ಅರ್ಧ ಗಂಟೆ ಬಿಟ್ಟು ಆಮೇಲೆ ಚುಚ್ಚಿ.

ಇಷ್ಟಾದ್ಮೇಲೂ ಆಗ್ಲಿಲ್ಲ ಅಂದ್ರೆ ರಿಸೆಟ್. ಅಡಾಪ್ಟರ್ ಕಿತ್ತು, ಶಟ್‌ಡೌನ್ ಮಾಡಿ, ಬ್ಯಾಟರಿ ಈಚೆ ಬರೋಂಥದ್ದಾದ್ರೆ ತೆಗ್ದು, ಪವರ್ ಬಟನ್ 30 ಸೆಕೆಂಡ್ ಒತ್ತಿ ಹಿಡ್ಕೊಳಿ. ಕಂಟ್ರೋಲರ್ ಯಾವ್ದೋ ಹಳೇ ಲೆಕ್ಕದಲ್ಲಿ ಸಿಕ್ಕಾಕೊಂಡಿದ್ರೆ ಇದ್ರಿಂದ ಬಿಡಿಸ್ಕೊಳತ್ತೆ. ಥಿಂಕ್‌ಪ್ಯಾಡ್ ಥರದ್ರಲ್ಲಿ ತಳದಲ್ಲಿ ಒಂದು ಸಣ್ಣ ತೂತಿರತ್ತೆ, ಸಿಮ್ ತೆಗಿಯೋ ಪಿನ್ನಲ್ಲಿ ಅದುಮಿದ್ರೆ ಅದೇ ಕೆಲಸ. ಎಲ್ಲಾ ಕಡೆ ಹೇಳೋ ಇನ್ನೊಂದು ಮದ್ದು ವಿಂಡೋಸಿನ ಡಿವೈಸ್ ಮ್ಯಾನೇಜರಲ್ಲಿ ಬ್ಯಾಟರೀಸ್ ತೆಗ್ದು ಮೈಕ್ರೋಸಾಫ್ಟ್ ಎ.ಸಿ.ಪಿ.ಐ. ಅಂತ ಶುರುವಾಗೋ ಕಂಟ್ರೋಲ್ ಮೆಥಡ್ ಬ್ಯಾಟರಿ ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಮಾಡೋದು. ಮಾಡಿ, ನಷ್ಟ ಏನಿಲ್ಲ, ತೋರಿಸೋ ಲೆಕ್ಕ ತಪ್ಪಿದ್ರೆ ಸರಿ ಹೋಗತ್ತೆ, ಆದ್ರೆ ಮೇಲೆ ಹೇಳಿದ ಆಫ್ ಮಾಡಿ ಒಂದು ಗಂಟೆ ಪರೀಕ್ಷೆಲಿ ಫೇಲ್ ಆಗಿರೋದಕ್ಕೆ ಇದ್ರಿಂದ ಜೀವ ಬಂದಿದ್ದು ನಾನಂತೂ ನೋಡಿಲ್ಲ.

ಈಗ ಬ್ಯಾಟರಿನೇ ಮಾತಾಡಿಸೋಣ. ವಿಂಡೋಸಲ್ಲಿ ಕಮಾಂಡ್ ಪ್ರಾಂಪ್ಟ್ ತೆಗ್ದು, ಪವರ್ ಅಂತ ಇಂಗ್ಲಿಷಲ್ಲಿ ಬರ್ದು ಅದಕ್ಕೇ ಅಂಟಿಸಿ ಸಿ ಎಫ್ ಜಿ, ಒಂದು ಸ್ಪೇಸ್, ಪ್ರಶ್ನೆ ಚಿಹ್ನೆ ಇರೋ ಕೀಯಲ್ಲಿರೋ ಓರೆ ಗೆರೆ, ಅದಕ್ಕೆ ಅಂಟಿಸಿ ಬ್ಯಾಟರಿ ರಿಪೋರ್ಟ್ ಎರಡನ್ನೂ ಒಂದೇ ಪದ ಮಾಡಿ ಬರ್ದು ಎಂಟರ್ ಒತ್ತಿ. ಫೈಲ್ ಎಲ್ಲಿ ಸೇವ್ ಆಯ್ತು ಅಂತ ಅದೇ ಹೇಳತ್ತೆ, ಬ್ರೌಸರಲ್ಲಿ ತೆಗೀರಿ. ಡಿಸೈನ್ ಕೆಪ್ಯಾಸಿಟಿ ಅಂದ್ರೆ ಹುಟ್ಟಿದಾಗಿನ ಶಕ್ತಿ, ಫುಲ್ ಚಾರ್ಜ್ ಕೆಪ್ಯಾಸಿಟಿ ಅಂದ್ರೆ ಈಗ ಹಿಡಿಯೋದು. 42,000 ಇದ್ದಿದ್ದು 19,000 ಆಗಿದ್ರೆ ಅರ್ಧಕ್ಕಿಂತ ಜಾಸ್ತಿ ಸವೆದಿದೆ. ಆದ್ರೆ ಇಲ್ಲೊಂದು ಸೂಕ್ಷ್ಮ ಇದೆ, ಬರೀ ಸವೆದ ಬ್ಯಾಟರಿ ಚಾರ್ಜ್ ಆಗತ್ತೆ, ಬೇಗ ತುಂಬತ್ತೆ ಬೇಗ ಖಾಲಿ ಆಗತ್ತೆ. ಚಾರ್ಜೇ ಆಗ್ತಿಲ್ಲ ಅಂದ್ರೆ ಸವೆತ ಒಂದೇ ಕಾರಣ ಅಲ್ಲ. ಒಳಗೆ ಸಾಲಾಗಿ ಮೂರೋ ನಾಕೋ ಸೆಲ್ ಇರತ್ತೆ, ತುಂಬಿದಾಗ ಒಂದೊಂದೂ ಸುಮಾರು 4.2 ವೋಲ್ಟು, ಅದ್ರಲ್ಲಿ ಒಂದು ಮಾತ್ರ ಬಿದ್ದೋಗಿದ್ರೆ ಬ್ಯಾಟರಿ ಸರ್ಕ್ಯೂಟು ಇಡೀ ಪ್ಯಾಕನ್ನೇ ನಿಲ್ಸಿಬಿಡತ್ತೆ. ರಿಪೋರ್ಟಲ್ಲಿ ಬ್ಯಾಟರಿ ಹೆಸ್ರೇ ಇಲ್ಲ ಅಂದ್ರೆ ಇನ್ನೊಂದು ಕಥೆ, ಬ್ಯಾಟರಿ ಬೋರ್ಡ್ ಜೊತೆ ಮಾತೇ ಆಡ್ತಿಲ್ಲ, ಲ್ಯಾಪ್‌ಟಾಪ್ ಕೆಳಗೆ ಬಿದ್ದಿದ್ರೆ ಒಳಗಿನ ಕನೆಕ್ಟರ್ ಎದ್ದಿರ್ಬಹುದು, ಗಟ್ಟಿಯಾಗಿ ಕೂರಿಸಿದ್ರೆ ಸರಿ ಹೋದ ಉದಾಹರಣೆ ಇದೆ. ಎಚ್‌ಪಿ ಆನ್ ಆಗೋವಾಗ 601 ಅಂತ ಎರರ್ ಕೊಟ್ರೆ ಅದು ಬ್ಯಾಟರಿ ಶಕ್ತಿ ತೀರಾ ಇಳಿದಿದೆ ಅಂತ. ಮ್ಯಾಕಲ್ಲಿ ಸಿಸ್ಟಮ್ ಇನ್‌ಫರ್ಮೇಶನ್ ಒಳಗೆ ಪವರ್ ನೋಡಿ, ಸೈಕಲ್ ಕೌಂಟ್ ಅಂದ್ರೆ ಬ್ಯಾಟರಿ ಎಷ್ಟು ಸಲ ಪೂರ್ತಿ ಖಾಲಿಯಾಗೋವಷ್ಟು ಬಳಕೆಯಾಗಿದೆ ಅನ್ನೋದು ಸಿಕ್ಕತ್ತೆ, ಈಚಿನ ಮ್ಯಾಕ್‌ಬುಕ್‌ಗಳಿಗೆ 1,000 ಸೈಕಲ್ ತನಕ ಆಯಸ್ಸು ಅಂತ ಲೆಕ್ಕ.

ಒಳ್ಳೇ ಅಡಾಪ್ಟರ್ ಹಾಕಿದ್ರೂ ಇಲ್ಲ, ಒಳ್ಳೇ ಬ್ಯಾಟರಿ ಹಾಕಿದ್ರೂ ಇಲ್ಲ ಅಂದ್ರೆ ಉಳಿಯೋದು ಬೋರ್ಡ್, ಅಂದ್ರೆ ಚಾರ್ಜಿಂಗ್ ಐ.ಸಿ., ಅದ್ರ ಅಕ್ಕಪಕ್ಕದ ಮಾಸ್‌ಫೆಟ್ (ಕರೆಂಟ್ ಬಿಡೋ, ನಿಲ್ಸೋ ಸಣ್ಣ ಸ್ವಿಚ್), ಫ್ಯೂಸ್ ಇಂಥವು. ಮಲೆನಾಡಲ್ಲಿ ಮಳೆಗಾಲದ ಮುಂಚೆ ಸಿಡಿಲು ಹೊಡ್ದ ಮಾರನೇ ದಿನ ಶುರುವಾದ ತೊಂದ್ರೆ ಆದ್ರೆ ಮೊದ್ಲೇ ಇದನ್ನ ಅನುಮಾನಿಸಿ, ಆದ್ರೂ ಅಡಾಪ್ಟರ್ ಒಂದೇ ಸತ್ತು ಲ್ಯಾಪ್‌ಟಾಪ್ ಬದುಕಿರೋದೂ ಇದೆ. ಇದು ಚಿಪ್ ಲೆವೆಲ್ ಸರ್ವಿಸ್, ಅಂದ್ರೆ ಬೋರ್ಡ್ ಮೇಲಿನ ಒಂದೊಂದೇ ಬಿಡಿಭಾಗ ರಿಪೇರಿ ಮಾಡೋರ ಕೆಲಸ, ಬೆಂಗಳೂರಲ್ಲಾದ್ರೆ ಎಸ್.ಪಿ. ರೋಡ್ ಕಡೆ ಸಿಕ್ತಾರೆ. ಬೋರ್ಡೇ ಚೇಂಜ್ ಮಾಡ್ಬೇಕು ಅನ್ನೋರತ್ರ ಒಪ್ಕೊಳೋ ಮುಂಚೆ ಚಿಪ್ ಲೆವೆಲ್ ಮಾಡೋರ ಹತ್ರ ಒಂದು ಎಸ್ಟಿಮೇಟ್ ತಗೊಳಿ, ರೇಟಲ್ಲಿ ಬಹಳ ವ್ಯತ್ಯಾಸ ಇರತ್ತೆ. ಯಾವ ಅಂಗಡಿಗೇ ಹೋದ್ರೂ ನಿಮ್ಮ ಕಣ್ಮುಂದೆ ಅವ್ರ ಅಡಾಪ್ಟರ್ ಹಾಕಿ ತೋರಿಸಿ ಅನ್ನಿ. ನಾನು ಅವತ್ತು ಅದೊಂದು ಮಾತು ಕೇಳಿದ್ರೆ ಸಾಕಿತ್ತು.

ಒಂದು ಕಡೆ ಮಾತ್ರ ಈ ಕ್ರಮ ಎಲ್ಲ ಬಿಟ್ಬಿಡಿ. ಟಚ್‌ಪ್ಯಾಡ್ ಒತ್ತೋಕೆ ಗಟ್ಟಿ ಆಗಿದ್ರೆ, ಕೀಬೋರ್ಡ್ ನಡುವೆ ಉಬ್ಬಿದ್ರೆ, ಮೇಜಿನ ಮೇಲಿಟ್ರೆ ಲ್ಯಾಪ್‌ಟಾಪ್ ಕೆಳಗೆ ಕಡ್ಡಿ ಇಟ್ಟಂಗೆ ಅಲ್ಲಾಡಿದ್ರೆ ಬ್ಯಾಟರಿ ಊದಿದೆ. ಚಾರ್ಜಿಗೆ ಹಾಕ್ಬೇಡಿ, ಒತ್ತಿ ಚಪ್ಪಟೆ ಮಾಡೋಕೆ ಹೋಗ್ಬೇಡಿ, ಚುಚ್ಚಿ ಗಾಳಿ ಬಿಡೋ ಐಡಿಯಾ ಕೊಡೋರನ್ನಂತೂ ಹತ್ರ ಸೇರಿಸ್ಬೇಡಿ, ಬೆಂಕಿ ಹತ್ಕೊಳತ್ತೆ. ಆಫ್ ಮಾಡಿ ಹಂಗೇ ಸರ್ವಿಸಿಗೆ ತಗೊಂಡೋಗಿ. ತೆಗ್ದ ಬ್ಯಾಟರಿ ಕಸದ ಗಾಡಿಗೆ ಹಾಕೋದಲ್ಲ, 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಅದನ್ನ ವಾಪಸ್ ತಗೊಂಡು ವಿಲೇವಾರಿ ಮಾಡೋ ಹೊಣೆ ತಯಾರಿಸೋರದ್ದು, ಸರ್ವಿಸ್ ಸೆಂಟರಲ್ಲೇ ಕೊಟ್ಬನ್ನಿ.

ನನ್ನ ಹಳೇ ಬ್ಯಾಟರಿ ಏನಾಯ್ತು ಅಂತ ಹೇಳ್ಬೇಕಲ್ಲ. ಹೊಸದನ್ನ ಅಂಗಡಿಯವ್ರು ವಾಪಸ್ ತಗೊಳ್ಲಿಲ್ಲ, ಅದೇ ಲ್ಯಾಪ್‌ಟಾಪಲ್ಲಿ ಉಳೀತು, ಚೆನ್ನಾಗಿದ್ದ ಹಳೇದು 23 ಪರ್ಸೆಂಟಲ್ಲಿ ಡ್ರಾಯರ್ ಸೇರ್ತು. ಹದಿನಾಲ್ಕು ತಿಂಗಳು ಆದ್ಮೇಲೆ ಅದೇ ಮಾಡೆಲ್ ಇಟ್ಕೊಂಡಿದ್ದ ಗೆಳೆಯನಿಗೆ ಕೊಟ್ರೆ, ಸೊನ್ನೆ ಪರ್ಸೆಂಟ್, ಪ್ಲಗ್ಡ್ ಇನ್, ನಾಟ್ ಚಾರ್ಜಿಂಗ್! ಸುಮ್ನೆ ಇಟ್ರೂ ಬ್ಯಾಟರಿ ತನ್ನಷ್ಟಕ್ಕೆ ತಾನೇ ನಿಧಾನಕ್ಕೆ ಇಳೀತಾ ಹೋಗತ್ತೆ, ಸೆಲ್ ಸುಮಾರು 3 ವೋಲ್ಟಿಗಿಂತ ಕೆಳಗೆ ಹೋದ್ರೆ ಒಳಗಿನ ಸರ್ಕ್ಯೂಟು ಬಾಗ್ಲು ಹಾಕ್ಕೊಳತ್ತೆ. ಈ ಸ್ಥಿತೀಲಿ ಲ್ಯಾಪ್‌ಟಾಪು ಮೊದ್ಲು ಹನಿ ಹನಿಯಾಗಿ ಸ್ವಲ್ಪ ಕರೆಂಟ್ ಬಿಟ್ಟು ನೋಡತ್ತೆ, ಸೆಲ್ ಏರ್ತಾ ಇದ್ರೆ ಮಾತ್ರ ಪೂರ್ತಿ ಚಾರ್ಜ್ ಕೊಡತ್ತೆ, ಅಷ್ಟರ ತನಕ ಸ್ಕ್ರೀನ್ ಮೇಲೆ ಸೊನ್ನೆನೇ. ಆಫ್ ಮಾಡಿ, ಅದ್ರದ್ದೇ ಅಡಾಪ್ಟರ್ ಹಾಕಿ, ಆಗಾಗ ತಳ ಮುಟ್ಟಿ ಬಿಸಿ ಆಗ್ತಿದ್ಯಾ ನೋಡ್ತಾ ಕೂತ್ವಿ. ಎರಡ್ಮೂರು ಗಂಟೇಲಿ ಅಲ್ಲಾಡ್ಲಿಲ್ಲ ಅಂದ್ರೆ ಅಥ್ವಾ ಬಿಸಿ ಆದ್ರೆ ಆಸೆ ಬಿಡೋದು ಅಂತ ಮಾತಾಗಿತ್ತು, ಹೊರಗಿಂದ ನೇರ ವೈರ್ ಕೊಟ್ಟು ಎಬ್ಬಿಸೋ ಸಾಹಸ ಬೇಡ ಅಂತಾನೂ. ನಲವತ್ತು ನಿಮಿಷಕ್ಕೆ ಆರೆಂಜ್ ಲೈಟ್ ಬಂತು, ಆನ್ ಮಾಡಿದ್ರೆ 1 ಪರ್ಸೆಂಟ್. ರಿಪೋರ್ಟಲ್ಲಿ ಈಗ 42,000ಕ್ಕೆ 27,000 ತೋರ್ಸತ್ತೆ, ಡ್ರಾಯರ್‌ಗೆ ಹಾಕೋ ಮುಂಚೆ ಅರ್ಧ ಚಾರ್ಜ್ ಮಾಡಿಟ್ಟಿದ್ರೆ ಇಷ್ಟು ಇಳೀತಿರ್ಲಿಲ್ಲ. ಗೆಳೆಯ ಅದ್ರಲ್ಲೇ ಓಡಿಸ್ತಿದಾನೆ, ಕರೆಂಟ್ ಹೋದ್ರೆ ಎರಡು ಗಂಟೆ ಬರತ್ತಂತೆ.